ಅಜ್ಜಿ ತಂದ ಅರ್ಧ ನಿಂಬೆಹಣ್ಣು

ನಿನ್ನೆ ನಮ್ಮ ಬಸವನಗುಡಿ ಮನೆಯ ತಾರಸಿಯಲ್ಲಿ ಮಗಳ ಗೆಳತಿಯರ ಬಾರ್ಬೆಕ್ಯೂ ನಡೆಯಿತು. ಪನೀರಿಗೆ ಮಸಾಲೆ ಸವರಿದ ಬ್ರಷ್ ತೊಳೆಯುವ ಕೆಲಸ ಇವತ್ತು ನನ್ನ ಪಾಲಿಗೆ ಬಂತು. ಉಜ್ಜಿ ಉಜ್ಜಿ ಸಾಕಾದಾಗ ನೆನಪಾದವಳು ಅಜ್ಜಿ.

ನಾನು ಚಿಕ್ಕವನಿದ್ದಾಗ ನಮ್ಮ ರಸ್ತೆಯ ತಿರುವಿನಲ್ಲಿ ಗಾಡಿ ನಿಲ್ಲಿಸಿಕೊಂಡು ಲಕ್ಷ್ಮಮ್ಮ ಕೆಂಡದ ಮೇಲೆ ಜೋಳ ಸುಡುತ್ತಿದ್ದರು. ಅವರ ಬ್ರಷ್ಷೆಂದರೆ ಉಪ್ಪುಖಾರದಲ್ಲಿ ಅದ್ದಿದ ಅರ್ಧ ನಿಂಬೆಹಣ್ಣು. ತಿನ್ನುತ್ತಿದ್ದವರು ಮತ್ತೆ ಬಂದು "ಇನ್ನೊಂಚೂರು ಹಚ್ಚಿ" ಎಂದರೆ, ಕಚ್ಚಿದ ಜೋಳಕ್ಕೂ ಅದೇ ಹಣ್ಣು. ಎಂಜಲೆಂದು ಅಜ್ಜಿ ನನಗೆ ಜೋಳವನ್ನೇ ಕೊಡಿಸುತ್ತಿರಲಿಲ್ಲ. ನಾನು ಅತ್ತು ಗೆದ್ದ ದಿನ, ಅಜ್ಜಿ ಗಾಡಿಯ ಮುಂದೆ ನಿಂತು ಸೆರಗಿನ ಗಂಟಿನಿಂದ ಮನೆಯ ಅರ್ಧ ನಿಂಬೆಹಣ್ಣು ತೆಗೆದಳು.

ಲಕ್ಷ್ಮಮ್ಮನ ಬೀಸಣಿಗೆ ನಿಂತಿತು. "ನನ್ನ ಹಣ್ಣಿಗೇನಾಗಿದೆ ಅಜ್ಜಿ?"

ನನ್ನ ಜೋಳ ಹೋಯಿತು ಅಂದುಕೊಂಡೆ.

"ಹಣ್ಣಿಗೇನೂ ಆಗಿಲ್ಲಮ್ಮ. ಕಚ್ಚಿದ್ದಕ್ಕೂ ಅದನ್ನೇ ತಿಕ್ತೀಯಲ್ಲ, ಅದಕ್ಕೆ."

ಲಕ್ಷ್ಮಮ್ಮ ಅಜ್ಜಿಯ ಹಣ್ಣಿನಿಂದಲೇ ತಿಕ್ಕಿ ಕೊಟ್ಟರು. ಮಾರನೆಯ ಸಂಜೆ ಗಾಡಿಯ ಮೇಲೆ ಎರಡು ಹೋಳುಗಳಿದ್ದವು.

"ಇದು ಕಚ್ಚಿದೋರಿಗೆ, ಇದು ಕಚ್ಚದೋರಿಗೆ. ಈಗ ಸರೀನಾ ಅಜ್ಜಿ?"

ಬಾಯಲ್ಲಿ ನಾಲ್ಕೇ ಹಲ್ಲಿದ್ದ ಅಜ್ಜಿ ತನಗೂ ಒಂದು ಸುಡಲು ಹೇಳಿದಳು.

ಬ್ರಷ್ಷಿನ ವಾಸನೆ ಇನ್ನೂ ಹೋಗಿಲ್ಲ. "ಮುಂದಿನ ಭಾನುವಾರಾನೂ ಮಾಡೋಣಪ್ಪ" ಎನ್ನುತ್ತಿದ್ದಾಳೆ ಮಗಳು.

"ಮಾಡೋಣ. ನಿಂಬೆಹಣ್ಣು ನಾನು ತರ್ತೀನಿ, ಎರಡು ಹೋಳು" ಎಂದೆ.