ಬಸದಿಯ ಕಂಬ ನೋಡಿ ಬರೆದ ಡಯಲು

ನಮ್ಮ ಗಡಿಯಾರ ಕಂಪನಿಯ ಅತ್ಯಂತ ದುಬಾರಿ ಕೈಗಡಿಯಾರಕ್ಕೆ ಡಯಲು ವಿನ್ಯಾಸ ಮಾಡುವ ಕೆಲಸ ನನ್ನ ಪಾಲಿಗೆ ಬಂದ ದಿನ ಅರಸೀಕೆರೆಗೆ ಫೋನ್ ಮಾಡಿದೆ. ಅಮ್ಮ ಅಲ್ಲಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು.

"ನೀನೊಬ್ಬಳೇನಾ ಮಾಡೋದು?" ಅಂತ ಕೇಳಿದಳು.

"ಹೌದಮ್ಮ, ನಾನೊಬ್ಬಳೇ."

ಹೊಯ್ಸಳರ ಸೀಮೆಯವಳು ಅನ್ನುವ ಹೆಮ್ಮೆ ನನಗೆ ಮೊದಲಿಂದಲೂ ಸ್ವಲ್ಪ ಜಾಸ್ತಿಯೇ. ಬೇಲೂರಿನ ಮದನಿಕೆಯನ್ನೇ ಚಿನ್ನದ ಗೆರೆಗಳಲ್ಲಿ ಡಯಲಿನ ಮೇಲೆ ನಿಲ್ಲಿಸಿದೆ. ಸುತ್ತ ಬಳ್ಳಿ, ಅಂಚಿಗೆ ಆನೆಗಳ ಸಾಲು. ನಮ್ಮ ವಿಭಾಗದ ಮುಖ್ಯಸ್ಥರು ಅದನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು.

"ಚಿತ್ರ ಚೆನ್ನಾಗಿದೆಯಮ್ಮ. ಆದರೆ ಇದು ಗೋಡೆ ಕ್ಯಾಲೆಂಡರಿಗೆ ಸರಿ" ಎಂದರು.

ಬೇಜಾರಾಯಿತು. ಅವರು ಹೇಳಿದ್ದು ನಿಜ ಅಂತ ಅನ್ನಿಸಿದ್ದರಿಂದ ಇನ್ನೂ ಬೇಜಾರಾಯಿತು. ರಜೆ ಹಾಕಿ ಊರಿಗೆ ಬಂದೆ. ನನ್ನ ಮುಖ ನೋಡಿದ ಅಮ್ಮ, "ಸುಮ್ನೆ ಕೂತ್ಕೋಬೇಡ, ಹಳೇಬೀಡಿಗೆ ಹೋಗಿ ಬರೋಣ ನಡಿ" ಅಂತ ಬಸ್ಸು ಹತ್ತಿಸಿದಳು.

ದೊಡ್ಡ ಗುಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸ್ವಲ್ಪ ದೂರದ ಬಸದಿಗೆ ಹೋದೆವು. ಒಳಗೆ ತಂಪು. ಅಮ್ಮ ಒಂದು ಕಂಬದ ಎದುರು ನಿಂತು, ಅದರ ಹೊಳಪಿನಲ್ಲಿ ತನ್ನ ಮುಖ ನೋಡಿಕೊಂಡು ಸೆರಗು ಸರಿಮಾಡಿಕೊಂಡಳು. "ನೋಡೇ, ಕನ್ನಡಿ ಇದ್ದಂಗಿದೆ" ಎಂದಳು.

ಆ ಕಂಬದ ಮೇಲೆ ಆನೆಯಿಲ್ಲ, ಬಳ್ಳಿಯಿಲ್ಲ. ಕಡೆದ ಬಳೆಗಳು ಮಾತ್ರ, ಒಂದರ ಮೇಲೊಂದು. ಬಾಗಿಲಿನ ಬೆಳಕು ಆ ಬಳೆಗಳ ಅಂಚಿನಲ್ಲಿ ಸಣ್ಣ ಎಳೆಯಾಗಿ ನಿಂತಿತ್ತು. ನಾನು ಪಕ್ಕಕ್ಕೆ ಸರಿದರೆ ಎಳೆಯೂ ಸರಿಯಿತು. ಕೈ ಆಡಿಸಿದಾಗೆಲ್ಲ ಡಯಲಿನ ಮೇಲೆ ಹೀಗೊಂದು ಬೆಳಕು ಓಡಬೇಕು ಅಂತ ಅಲ್ಲೇ ತೀರ್ಮಾನಿಸಿದೆ.

ಬೆಳ್ಳಿಯ ತಗಡಿನ ಮೇಲೆ ಕೂದಲೆಳೆಯಂಥ ಉಂಗುರಗಳನ್ನು ಕಡೆಸಿದೆವು. ಅಂಕಿಗಳನ್ನು ತೆಗೆದುಹಾಕಿದೆ. ಮಾದರಿಯನ್ನು ಅಮ್ಮನ ಕೈಗೆ ಕಟ್ಟಿದರೆ ಅವಳು ಕಿಟಕಿಯ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿದಳು. "ಚೆನ್ನಾಗೇನೋ ಇದೆ. ಆದರೆ ಮುಳ್ಳೆಲ್ಲಿ?" ಬೆಳ್ಳಿಯ ಮೇಲೆ ಬೆಳ್ಳಿ ಬಣ್ಣದ ಮುಳ್ಳು ಕಾಣದೆ ಹೋಗಿತ್ತು. ಉಕ್ಕಿನ ಮುಳ್ಳುಗಳನ್ನು ನೀಲಿಗೆ ತಿರುಗುವವರೆಗೆ ಕಾಯಿಸಿ ಹಾಕಿದೆವು. ಈ ಸಲ ಮುಖ್ಯಸ್ಥರು ತಮ್ಮ ಕೈಯಲ್ಲಿದ್ದ ಗಡಿಯಾರ ಬಿಚ್ಚಿಟ್ಟು ಇದನ್ನು ಕಟ್ಟಿಕೊಂಡರು.

ಮುಂದಿನ ಮಾದರಿಯಲ್ಲಿ ಸಣ್ಣ ಮಣಿಕಟ್ಟಿಗೂ ಒಪ್ಪಲಿ ಅಂತ ಕವಚ ಚಿಕ್ಕದು ಮಾಡಿದೆ. ಅದರ ಮುಂದಿನದ್ದು ನನ್ನ ಹಟ: ಡಯಲು ಆ ಕಂಬದಂತೆ ಬಳಪದ ಕಲ್ಲಿನದ್ದೇ ಆಗಬೇಕು. ಮೆತ್ತನೆಯ ಕಲ್ಲು ಅದು, ಕಡೆಯಲು ಸುಲಭ, ಆದರೆ ಕಾಗದದಷ್ಟು ತೆಳು ಮಾಡುವಾಗ ಸೀಳಿ ಹೋಗುತ್ತದೆ. ಚೂರುಗಳ ರಾಶಿ ನೋಡಿ ಬಿಟ್ಟುಬಿಡಿ ಎಂದವರೇ ಹೆಚ್ಚು. ಕೊನೆಗೆ ಕಲ್ಲನ್ನು ಮೊದಲು ಹಿತ್ತಾಳೆ ಬಿಲ್ಲೆಗೆ ಅಂಟಿಸಿ, ಆಮೇಲೆ ತೆಳು ಮಾಡಿದೆವು. ನಿಂತಿತು. ಉಜ್ಜಿದಂತೆಲ್ಲ ಬೂದು ಬಣ್ಣ ಕಪ್ಪಾಗಿ, ಹೊಳಪು ಬಂದಾಗ ಯಂತ್ರದ ಮುಂದಿದ್ದ ನಾವೆಲ್ಲ ಒಬ್ಬೊಬ್ಬರಾಗಿ ಅದರಲ್ಲಿ ಮುಖ ನೋಡಿಕೊಂಡೆವು. ನನ್ನ ಜೀವನದಲ್ಲಿ ಅಷ್ಟು ಹೆಮ್ಮೆಪಟ್ಟ ಗಳಿಗೆ ಇನ್ನೊಂದಿಲ್ಲ.

ಹೋದ ಬೇಸಿಗೆಯಲ್ಲಿ ಮಾದಿಹಳ್ಳಿಯ ಒಂದು ಮದುವೆಗೆ ಅಮ್ಮ ಆ ಕಲ್ಲಿನ ಗಡಿಯಾರ ಕಟ್ಟಿಕೊಂಡು ಬಂದಳು. ಊಟದ ಪಂಕ್ತಿಯಲ್ಲಿ ಪಕ್ಕ ಕೂತಿದ್ದ ಹಾರನಹಳ್ಳಿಯ ಚಿಕ್ಕಮ್ಮ ಅದನ್ನು ಬೆರಳಿನಿಂದ ಮುಟ್ಟಿ, "ಇದು ಹಳೇಬೀಡಿನ ಗುಡಿ ಕಲ್ಲಾ ಅಕ್ಕ?" ಅಂತ ಕೇಳಿದಳು.

"ಗುಡಿ ಕಲ್ಲು ಯಾರಾದ್ರೂ ಮುಟ್ತಾರೇನೇ? ಅದೇ ಜಾತಿ ಕಲ್ಲು. ಬೇರೆ ಕಡೆಯಿಂದ ತಂದಿದ್ದು."

"ಏನ್ ಚೆಂದಾಗೈತೆ. ಯಾರು ಮಾಡಿದ್ದು?"

ಅಮ್ಮ ಗಡಿಯಾರ ಬಿಚ್ಚಿ ಚಿಕ್ಕಮ್ಮನ ಅಂಗೈ ಮೇಲಿಟ್ಟು, ಎಡಗೈಯಲ್ಲಿ ನನ್ನ ಬೆನ್ನು ಮುಟ್ಟಿದಳು. "ಇವಳು" ಎಂದಳು.

ಗಡಿಯಾರ ಚಿಕ್ಕಮ್ಮನಿಂದ ಅವಳ ಸೊಸೆಗೆ, ಅಲ್ಲಿಂದ ಪಂಕ್ತಿಯ ಉದ್ದಕ್ಕೂ ಕೈಯಿಂದ ಕೈಗೆ ಹೋಯಿತು. ಪಾಯಸ ಬಡಿಸುವವರೂ ಒಂದು ಗಳಿಗೆ ನಿಂತು ನೋಡಿದರು. ಅಮ್ಮ ವಾಪಸು ಕೊಡಿ ಅಂತ ಕೇಳಲೇ ಇಲ್ಲ, ಆರಾಮಾಗಿ ಊಟ ಮಾಡಿದಳು.