ಮೇಣದಬತ್ತಿ ಚಿತ್ರಗಳ ನಮ್ಮತ್ತೆ

ಅತ್ತೆಯ ಎಡಗಿವಿಯ ಮೇಲಿನ ಬಿಳಿಗೂದಲಲ್ಲಿ ಯಾವಾಗಲೂ ಒಂದು ಕಂದು ಗೆರೆ ಇರುತ್ತಿತ್ತು. ಒಂದು ಬ್ರಶ್ ಕೈಯಲ್ಲಿ ಹಿಡಿದರೆ ಇನ್ನೊಂದನ್ನು ಕಿವಿಗೆ ಸಿಕ್ಕಿಸಿಕೊಳ್ಳುವುದು ಅವರ ಅಭ್ಯಾಸ. ಸಂಜೆ ತರಕಾರಿಗೆ ಹೊರಟಾಗಲೂ ಅದು ಅಲ್ಲೇ ಇರುತ್ತಿತ್ತು. ಡೊಂಬಿವಲಿ ಸ್ಟೇಷನ್ನಿನ ಹೊರಗೆ ಮೆಂತ್ಯ ಸೊಪ್ಪು ಮಾರುವವಳು, "ಆಜಿ, ಪೆನ್ಸಿಲ್ ಪಡೇಲ್", ಅಜ್ಜಿ, ಪೆನ್ಸಿಲ್ ಬೀಳುತ್ತದೆ ಎಂದು ಎಚ್ಚರಿಸುತ್ತಿದ್ದಳು.

ಅತ್ತೆ ಉಡುಪಿ ಕಡೆಯಿಂದ ಮದುವೆಯಾಗಿ ಬಂದವರು. ಮಾವ ಠಾಣೆಯ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದರು. ಆ ಹೋಟೆಲಿನ ಹಿಂದೆಯೇ ಒಂದು ಸ್ಟುಡಿಯೊ. ಹಳೆಯ ಯುರೋಪಿನ ಚಿತ್ರಗಳನ್ನು ಕೈಯಲ್ಲೇ ನಕಲು ಮಾಡಿಸಿ ಲಾಡ್ಜುಗಳಿಗೆ, ನವಿ ಮುಂಬಯಿಯ ಬಿಲ್ಡರುಗಳ ಸ್ಯಾಂಪಲ್ ಫ್ಲ್ಯಾಟುಗಳಿಗೆ ಮಾರುತ್ತಿದ್ದರು. ರಂಗೋಲಿ ಬಿಟ್ಟರೆ ಬೇರೇನೂ ಬರೆದು ಗೊತ್ತಿಲ್ಲದ ಅತ್ತೆ ಅಲ್ಲಿ ಹಿನ್ನೆಲೆ ಬಳಿಯುವ ಕೆಲಸಕ್ಕೆ ಸೇರಿದವರು, ನಾನು ಸೊಸೆಯಾಗಿ ಬರುವ ಹೊತ್ತಿಗೆ ಮನೆಯಲ್ಲೇ ಕೂತು ಇಡೀ ಚಿತ್ರಗಳನ್ನು ಮಾಡಿಕೊಡುತ್ತಿದ್ದರು.

ಅವರ ಪಾಲಿಗೆ ಬರುತ್ತಿದ್ದದ್ದು ಮೇಣದಬತ್ತಿ ಬೆಳಕಿನ ಚಿತ್ರಗಳು. ಒಂದೇ ಬತ್ತಿಯ ಮುಂದೆ ಬಟ್ಟೆ ಹೊಲಿಯುವ ಹೆಂಗಸು, ಇಸ್ಪೀಟು ಆಡುವ ಗಂಡಸರು, ತಲೆ ಬಾಚಿಕೊಳ್ಳುವ ಹುಡುಗಿ. ರಾಜರಾಣಿಯರು ಯಾರೂ ಇಲ್ಲ. ಅತ್ತೆಗೆ ಅದೇ ಇಷ್ಟ. "ಇವರೆಲ್ಲ ನಮ್ಮ ಬಿಲ್ಡಿಂಗಿನವರ ಹಾಗೇ ಇದ್ದಾರೆ" ಎನ್ನುತ್ತಿದ್ದರು. ಕೆಲಸ ಮಾಡುತ್ತ ಅವರೊಡನೆ ತುಳುವಿನಲ್ಲಿ ಮಾತೂ ಆಡುತ್ತಿದ್ದರು. ಹೊಲಿಯುವವಳಿಗೆ, ಕಣ್ಣು ಹಾಳಾಗುತ್ತದೆ, ಬೆಳಿಗ್ಗೆ ಎದ್ದು ಹೊಲಿ ಎಂಬ ಬುದ್ಧಿಮಾತು. ಇಸ್ಪೀಟಿನವರಿಗೆ ಸರಿಯಾದ ಬೈಗುಳ.

ಕಪ್ಪು ಬಣ್ಣದ ಟ್ಯೂಬನ್ನು ಅವರು ಮುಟ್ಟುತ್ತಿರಲಿಲ್ಲ. ಕಂದು ಮತ್ತು ನೀಲಿ ಬೆರೆಸಿಯೇ ಕತ್ತಲೆ ಮಾಡುತ್ತಿದ್ದರು. "ಕತ್ತಲೆ ಕಪ್ಪಲ್ಲ ಮಗಾ, ಕರೆಂಟ್ ಹೋದಾಗ ಸರಿ ನೋಡು" ಎಂದು ನನಗೆ ಹೇಳಿಕೊಟ್ಟಿದ್ದರು. ಸ್ಟುಡಿಯೊದವರು ಕೊಡುವ ಮೂಲಚಿತ್ರದ ಪ್ರಿಂಟಿನಲ್ಲಿ ಮುಖ ಸರಿಯಾಗಿ ಕಾಣಿಸದಿದ್ದರೆ, ಮಧ್ಯಾಹ್ನವೇ ಅಡುಗೆಮನೆಯ ಕಿಟಕಿಗೆ ಬೆಡ್‌ಶೀಟ್ ಕಟ್ಟಿ, ಮೇಣದಬತ್ತಿ ಹಚ್ಚಿ, ಸಿಕ್ಕವರನ್ನು ಎದುರು ಕೂರಿಸುತ್ತಿದ್ದರು. ನಮ್ಮ ಮಹಡಿಯ ಹೆಂಗಸರೆಲ್ಲ ಹೀಗೆ ಯಾವುದಾದರೊಂದು ಸ್ಯಾಂಪಲ್ ಫ್ಲ್ಯಾಟಿನ ಗೋಡೆ ಸೇರಿದ್ದಾರೆ.

ನಾನು ಧಾರವಾಡದವಳು. ಮದುವೆಯಾದ ಮೂರನೆಯ ವರ್ಷ ಐದು ತಿಂಗಳ ಬಸಿರು ಉಳಿಯಲಿಲ್ಲ. ಬಂದವರೆಲ್ಲ ರೆಸ್ಟ್ ತಗೋ ಎಂದರು, ಇನ್ನೂ ವಯಸ್ಸಿದೆ ಎಂದರು. ಆಮೇಲೆ ಯಾರೂ ಆ ಮಾತೆತ್ತಲಿಲ್ಲ, ನನ್ನ ಗಂಡನೂ ಎತ್ತಲಿಲ್ಲ. ಅತ್ತೆ ಹೊತ್ತುಹೊತ್ತಿಗೆ ಗಂಜಿ ತಂದಿಡುತ್ತಿದ್ದರು.

ಒಂದು ದಿನ ಅವರು ಫೋನಿನಲ್ಲಿ ಸ್ಟುಡಿಯೊದ ಮಾಲೀಕರಿಗೆ ಹಿಂದಿಯಲ್ಲಿ ಹೇಳುವುದು ಕೇಳಿಸಿತು. "ಯೇ ವಾಲಾ ಮೈ ನಹೀ ಕರೂಂಗೀ. ಘರ್ ಮೇ ಬಹೂ ಹೈ." ಇದನ್ನು ನಾನು ಮಾಡುವುದಿಲ್ಲ, ಮನೆಯಲ್ಲಿ ಸೊಸೆ ಇದ್ದಾಳೆ. ಅವರು ಬಚ್ಚಲಿಗೆ ಹೋದಾಗ ಮೇಜಿನ ಮೇಲಿದ್ದ ಪ್ರಿಂಟನ್ನು ನೋಡಿದೆ. ಮೇಣದಬತ್ತಿಯ ಬೆಳಕಿನಲ್ಲಿ, ಮಲಗಿದ ಕೂಸನ್ನು ಮಡಿಲಲ್ಲಿ ಇಟ್ಟುಕೊಂಡ ತಾಯಿ.

ಅವರು ಬರುವವರೆಗೂ ಅದನ್ನು ಹಿಡಿದುಕೊಂಡೇ ನಿಂತಿದ್ದೆ. "ಇದನ್ನ ಮಾಡ್ರಿ ಅತ್ತಿ. ನಾ ಕೂಡ್ತೀನಿ" ಎಂದೆ.

"ನಿಂಗೆ ಆಗ್ತದಾ?"

"ಗೊತ್ತಿಲ್ಲ."

"ಆಗದಿದ್ರೆ ಹೇಳು, ನಿಲ್ಲಿಸುವ."

ಟವೆಲ್ಲೊಂದನ್ನು ಸುತ್ತಿ ನನ್ನ ಮಡಿಲಲ್ಲಿಟ್ಟರು. ಅವರು ಬಳಿಯಲು ಶುರು ಮಾಡಿದರು. ಆಮೇಲೆ ಅಳು ತಡೆಯಲಾಗಲಿಲ್ಲ. ಅತ್ತೆ ಸಮಾಧಾನ ಮಾಡಲು ಬರಲಿಲ್ಲ, ಬ್ರಶ್ಶನ್ನೂ ಕೆಳಗಿಡಲಿಲ್ಲ. ಕ್ಯಾನ್‌ವಾಸಿನಿಂದ ಕಣ್ಣು ತೆಗೆಯದೆ ಹೇಳಿದರು: "ನಂದೂ ಒಂದು ಹೋಗಿದೆ ಮಗಾ. ನಿನ್ನ ಗಂಡ ಹುಟ್ಟುವ ಮೊದಲು. ಹೆಣ್ಣು. ಮಾವನಿಗೆ ಮಾತ್ರ ಗೊತ್ತಿತ್ತು. ಅವರೂ ಮತ್ತೆ ಮಾತಾಡ್ಲಿಲ್ಲ. ನಾನೂ ಬಿಟ್ಟೆ. ಬಿಡಬಾರ್ದಿತ್ತು."

ಆ ಚಿತ್ರ ಮುಗಿಯುವವರೆಗೆ ದಿನವೂ ಮಧ್ಯಾಹ್ನ ನಾವಿಬ್ಬರೂ ಆ ಎರಡು ಮಕ್ಕಳ ಬಗ್ಗೆ ಮಾತಾಡಿದೆವು. ಬದುಕಿದ್ದರೆ ಯಾರ ಹಾಗಿರುತ್ತಿದ್ದರು, ಎಂಥ ಹಟ ಮಾಡುತ್ತಿದ್ದರು ಎಂದೆಲ್ಲ. ನಡುವೆ ನಕ್ಕದ್ದೂ ಉಂಟು. ಚಿತ್ರ ಒಯ್ಯಲು ಬಂದ ಮಾಲೀಕರು ಪ್ರಿಂಟಿನ ಪಕ್ಕ ಹಿಡಿದು, "ಮುಖ ಬೇರೆ ಆಗಿದೆಯಲ್ಲ" ಎಂದರು. "ಬೆಳಕು ಸರಿ ಉಂಟಲ್ಲ" ಎಂದರು ಅತ್ತೆ. ಅದು ಕಾಮೋಠೆಯ ಯಾವುದೋ ಫ್ಲ್ಯಾಟಿಗೆ ಹೋಯಿತಂತೆ. ನಾವು ಮತ್ತೆ ನೋಡಲಿಲ್ಲ. ಮರುವರ್ಷ ನನ್ನ ಮಗ ಹುಟ್ಟಿದ.

ಅತ್ತೆ ಹೋಗಿ ಎರಡು ವರ್ಷವಾಗುತ್ತ ಬಂತು. ಎದೆನೋವೆಂದು ಕಲ್ಯಾಣದ ಆಸ್ಪತ್ರೆಗೆ ಸೇರಿಸಿದೆವು. ಮನೆಗೆ ವಾಪಸು ಬರಲಿಲ್ಲ. ಅಲ್ಲಿ ಒಂದು ಸಂಜೆ ಪಕ್ಕದ ಮಂಚದ ಮರಾಠಿ ಹೆಂಗಸು ಮಾತಿಗೆ ಮಾತು ಬಂದು, ಮಕ್ಕಳೆಷ್ಟು ಎಂದು ಕೇಳಿದಳು. ಇಷ್ಟು ವರ್ಷ ಯಾರು ಕೇಳಿದರೂ ಒಬ್ಬನೇ ಮಗ ಎನ್ನುತ್ತಿದ್ದ ಅತ್ತೆ, "ದೋನ್" ಎಂದರು. "ಮೋಠಿ ಮುಲ್ಗೀ ರಾಹಿಲೀ ನಾಹೀ." ಇಬ್ಬರು, ದೊಡ್ಡವಳು ಉಳಿಯಲಿಲ್ಲ.

ನನ್ನ ಗಂಡ ಅಲ್ಲೇ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದರು. ಫ್ಲಾಸ್ಕ್ ಕೆಳಗಿಟ್ಟು ಹೊರಗೆ ಹೋದರು. ನಾನೂ ಹಿಂದೆ ಹೋದೆ.

"ನಿಂಗೆ ಗೊತ್ತಿತ್ತಾ?" ಎಂದು ಕೇಳಿದರು.

"ಗೊತ್ತಿತ್ತು."

ವರಾಂಡದ ಬೆಂಚಿನಲ್ಲಿ ಕೂತರು. ಆಮೇಲೆ ನನ್ನ ಕಡೆ ನೋಡದೆ, "ನಮ್ಮದು ಗಂಡಾ, ಹೆಣ್ಣಾ? ನಾನು ಆಗ ಕೇಳಲೇ ಇಲ್ಲ" ಎಂದರು.

"ಗಂಡು" ಎಂದೆ. ಮಗುವಿನ ಮುಖ ಹೇಗಿತ್ತು ಎಂದು ಕೇಳಿದರು, ಹೇಳಿದೆ. ಆಸ್ಪತ್ರೆಯವರು ಮಗುವನ್ನು ನನ್ನ ಕೈಗೆ ಕೊಟ್ಟಿದ್ದರೇ ಎಂದು ಕೇಳಿದರು, ಅದನ್ನೂ ಹೇಳಿದೆ. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇಬ್ಬರೂ ಮುಖ ತೊಳೆದು ಒಳಗೆ ಹೋದೆವು. ಅತ್ತೆ ನಮ್ಮಿಬ್ಬರನ್ನೂ ಒಮ್ಮೆ ನೋಡಿದರು. ಗೋಡೆಯ ಕಡೆಗೆ ಸರಿದು, ಮಂಚದ ಅಂಚಿನಲ್ಲಿ ನಮಗೆ ಕೂರಲು ಜಾಗ ಮಾಡಿಕೊಟ್ಟರು.