ಹದ ಆರುವ ಮೊದಲು

ದೇವನಹಳ್ಳಿ ರಸ್ತೆಯ ಹೋಟೆಲೊಂದರ ಗೋಡೆಗೆ ಹಳೆಯ ಕೂರಿಗೆಯೊಂದನ್ನು ನೇತುಹಾಕಿದ್ದಾರೆ. ಮೈತುಂಬ ವಾರ್ನಿಷ್ ಬಳಿದು, ಬೀಜ ಬಿಡುವ ಬಟ್ಟಲಿಗೆ ಪ್ಲಾಸ್ಟಿಕ್ ಹೂ ಸಿಕ್ಕಿಸಿದ್ದಾರೆ! ಕಾಫಿಗೆಂದು ಕೂತವಳಿಗೆ ಮೈಯೆಲ್ಲ ಉರಿಯಿತು. ಅದೇ ಹೊತ್ತಿಗೆ ಟಿವಿಯವನು, ಈ ವರ್ಷ ದೇಶದಲ್ಲಿ ವಾಡಿಕೆಯಷ್ಟು ಮಳೆಯಾಗಿದೆ, ಬೇಸಾಯಕ್ಕೆ ಚಿಂತೆಯಿಲ್ಲ ಎನ್ನುತ್ತಿದ್ದ. ಕಾಫಿ ಆರುತ್ತಿತ್ತು. ನನಗೆ ನಮ್ಮೂರಿನ ಕೂರಿಗೆ ತಾತ ನೆನಪಾದರು...

ಸಾಸಲು ಕಡೆಯ ನಮ್ಮೂರಿನಲ್ಲಿ ರಾಗಿ ಬಿತ್ತುವುದೆಂದರೆ ಅವರ ಕೈಯೇ ಆಗಬೇಕು. ಎತ್ತುಗಳ ಹಿಂದೆ ನಡೆಯುತ್ತ ಬಟ್ಟಲಿಗೆ ಬೀಜ ಬಿಟ್ಟರೆ ಪೈರು ಒಂದೇ ಸಮನೆ ಹುಟ್ಟುತ್ತಿತ್ತು. ನಮ್ಮದೆಲ್ಲ ಮಳೆ ನಂಬಿದ ಹೊಲ. ಮಳೆ ಬಿದ್ದು ಮಣ್ಣು ಹದವಾದ ನಾಲ್ಕಾರು ದಿನದಲ್ಲೇ ಬಿತ್ತಬೇಕು. ಹದ ಆರಿತೋ, ಮುಗಿಯಿತು. ಊರಿಗೆಲ್ಲ ಒಂದೇ ಸಲ ಅವರು ಬೇಕು. ಅವರದೊಂದು ಕಟ್ಟುಪಾಡಿತ್ತು. ದುಡಿಯುವ ಗಂಡಸಿಲ್ಲದ ಮನೆಯ ಹೊಲ ಮೊದಲು, ಸ್ವಂತ ಹೊಲ ಕಡೆಗೆ. ಅಪ್ಪ ತೀರಿಕೊಂಡ ಮೇಲೆ ಮೊದಲ ಸರದಿ ನಮ್ಮದಾಗಿತ್ತು.

ಆ ವರ್ಷ ಮಳೆ ತಡವಾಗಿ ಬಂತು, ಬಂದದ್ದೂ ಒಂದೇ ಹದ. ಬೆಳಕು ಹರಿಯುವಾಗಲೇ ತಾತ ಕೂರಿಗೆ ಹೊತ್ತು ನಮ್ಮ ಹೊಲದ ಕಡೆ ಹೊರಟಿದ್ದನ್ನು ನೋಡಿ ಅವರ ಹೆಂಡತಿ, ಅಜ್ಜಿ, ಬಾಗಿಲಲ್ಲೇ ತಡೆದರು.

"ಈ ಸಲನಾದ್ರೂ ನಮ್ಮ ಹೊಲಕ್ಕೆ ಮೊದ್ಲು ಹೂಡ್ಬಾರ್ದಾ?"

"ಆವಮ್ಮಂಗೆ ಎತ್ತಿಲ್ಲ, ಕೈಗೂಡ್ಸೋರಿಲ್ಲ. ನಮ್ದೇನು ಓಡೋಯ್ತದಾ? ಸುಮ್ಕಿರು."

ನಮ್ಮದು ಮುಗಿಯಿತು. ಹಿಂದೆಯೇ ಅವರಿವರದೂ ಆಯಿತು. ತಾತನ ಹೊಲದ ಸರದಿ ಬರುವಷ್ಟರಲ್ಲಿ ಬಿಸಿಲು, ಗಾಳಿ ಎರಡೂ ಸೇರಿ ಮಣ್ಣನ್ನು ಹಿಂಡಿಬಿಟ್ಟಿದ್ದವು. ತಾತ ಒಂದು ಹೆಂಟೆ ಎತ್ತಿ ಅಂಗೈಯಲ್ಲಿ ಪುಡಿಮಾಡಿದರು. ಎತ್ತು ಬಿಚ್ಚಿಕೊಂಡು ಮನೆಗೆ ಹೋದರು.

ಆಮೇಲೆ ಬಂದದ್ದೆಲ್ಲ ತುಂತುರು. ಬೇರು ಬಿಟ್ಟ ಪೈರಿಗೆ ಅದು ಸಾಕಾಯಿತು, ಹೊಸದಾಗಿ ಬಿತ್ತಲು ಸಾಲಲಿಲ್ಲ. ಬಿತ್ತುವ ಕಾಲ ಕಳೆದ ಮೇಲೆ ಹುಚ್ಚು ಮಳೆ ಹೊಯ್ದು ಕೊರತೆಯನ್ನೆಲ್ಲ ತುಂಬಿತು. ಆ ವರ್ಷವೂ ಸರಾಸರಿ ಮಳೆಯಾಗಿದೆ ಎಂದು ರೇಡಿಯೋದವರು ಹೇಳಿದರು. ತಾತ ಬೀಡಿ ಹಚ್ಚಿಕೊಂಡು ನಕ್ಕರು. "ಊಟ ಮುಗುದ್ಮೇಲೆ ಬಂದ ನೆಂಟ ಕಣಮ್ಮ ಇದು. ಬಂದಿಲ್ಲ ಅನ್ನಂಗಿಲ್ಲ, ನೋಡು!" ಆ ನಗು ನೋಡಿ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದಳು.

ಕಣ ಮುಗಿದ ದಿನ ಅಮ್ಮ ಒಂದು ಪುಟ್ಟಿ ರಾಗಿ ಹೊತ್ತುಕೊಂಡು ಅವರ ಮನೆಗೆ ನಡೆದಳು. ನಾನೂ ಹಿಂದೆಯೇ ಹೋದೆ. ಅಜ್ಜಿ ಮುಖ ತಿರುಗಿಸಿಕೊಂಡರು. ಬೇಡ ಎಂದುಬಿಟ್ಟರೆ ಏನು ಗತಿ ಎಂದು ಅಮ್ಮನ ಕಾಲು ಹೊಸ್ತಿಲಲ್ಲೇ ನಿಂತಿತು.

"ಬಿತ್ತಿದ್ದು ಯಾರ ಕೈಯಮ್ಮ? ನಂದು ತಾನೇ? ಅಂದ್ಮೇಲೆ ನನ್ ರಾಗಿನೇ ಅದು. ಇಳ್ಸು, ಇಳ್ಸು. ಲೇ, ಮುದ್ದೆಗೆ ನೀರಿಡು, ಇವ್ರೂ ಇಲ್ಲೇ ಉಣ್ಣಲಿ."

ಅಜ್ಜಿಗೂ ನಗು ತಡೆಯಲಾಗಲಿಲ್ಲ. ಆ ದಿನ ಉಂಡ ಮುದ್ದೆಯ ರುಚಿ ಆಮೇಲೆ ಎಲ್ಲೂ ಸಿಗಲಿಲ್ಲ...

ತಾತ ಹೋಗಿ ವರ್ಷಗಳಾದವು, ಅಜ್ಜಿಯೂ ಇಲ್ಲ. ಅಮ್ಮನಿಗೆ ವಯಸ್ಸಾಗಿದೆ, ಹೊಲ ನನ್ನ ಪಾಲಿಗೆ ಬಂದಿದೆ. ಈ ಸಲ ಒಳ್ಳೆಯ ಹದ ಬಿದ್ದಾಗ ಟ್ರ್ಯಾಕ್ಟರಿನವನಿಗೆ ಫೋನ್ ಮಾಡಿದೆ. "ಅಕ್ಕಾ, ನಿಮ್ದು ತುಂಡು ಹೊಲ. ದೊಡ್ಡವು ಮುಗಿಸ್ಕೊಂಡು ಬಂದ್ಬಿಡ್ತೀನಿ," ಅಂದ. ಅವನದೂ ತಪ್ಪಲ್ಲ, ಡೀಸೆಲ್ ಖರ್ಚು ಹುಟ್ಟಬೇಕಲ್ಲ. ಅಮ್ಮ ಬೇಡವೆಂದರೂ ಕೇಳದೆ ಬಂದು ಬದುವಿನ ಮೇಲೆ ಕೂತಿದ್ದಳು. ಬಿಸಿಲೇರಿತು. ಮಾರನೆಯ ದಿನವೂ ಕಾದೆವು. ವಾರ ಕಳೆದು ಅವನು ಬಂದಾಗ ಮಣ್ಣು ಬೂದಿಯಾಗಿತ್ತು.

ದೇಶಕ್ಕೆ ವಾಡಿಕೆ ಮಳೆ ಬಂದಿದೆಯಂತೆ, ಸಂತೋಷ. ನಮ್ಮ ಹೊಲ ಮಾತ್ರ ಬೀಳುಬಿದ್ದಿದೆ. "ಅವ್ರಿದ್ದಿದ್ರೆ ಮೊದ್ಲು ನಮ್ದೇ ಆಗಿರೋದು ಕಣೇ," ಎಂದು ಅಮ್ಮ ಈಗಲೂ ದಿನಕ್ಕೊಮ್ಮೆ ಹೇಳುತ್ತಾಳೆ. ಹೌದಮ್ಮ, ಎನ್ನುತ್ತೇನೆ. ಇನ್ನು ನಿಮ್ಮ ಹೊಲವೇ ಮೊದಲು ಅನ್ನುವವರು ಯಾರಿದ್ದಾರೆ?